ಹುಟ್ಟು ಎತ್ತುವ ಜಾಗ

ಹೋದ ವಾರ ಒಂದು ಸಹಿಗಾಗಿ ಕೊಪ್ಪಳದ ಕಚೇರಿಗೆ ಹೋಗಿದ್ದೆ. ಸಹಿ ಮಾಡುವವರು ಸಿಗಲಿಲ್ಲ, ಅದೇನು ಹೊಸದಲ್ಲ. ಬಸ್ ನಿಲ್ದಾಣದ ಕಡೆ ನಡೆದು ಬರುವಾಗ ರಸ್ತೆಗೆ ಡಾಂಬರು ಹಾಕುತ್ತಿದ್ದರು. ಮಂದಿ ಮೂಗಿಗೆ ಸೆರಗು, ಕರವಸ್ತ್ರ ಹಿಡಿದು ದಾಟುತ್ತಿದ್ದರು. ನಾನೊಬ್ಬ ಆ ಕುದಿಯುವ ಡ್ರಮ್ಮಿನ ಹತ್ತಿರ ನಿಂತುಬಿಟ್ಟೆ. ಕೆಲಸದ ಹೆಣ್ಣುಮಗಳೊಬ್ಬಳು, ಸರೀರಿ, ಸಿಡಿದೀತು ಅಂದಳು. ಸರಿದೆ. ಗಂಗಾವತಿ ಬಸ್ಸು ಕಣ್ಣೆದುರೇ ಹೋಯಿತು, ಹತ್ತಲಿಲ್ಲ.

ಡಾಂಬರಿನ ವಾಸನೆ ಅಂದರೆ ನನಗೆ ರಸ್ತೆಯಲ್ಲ, ಹರಗೋಲು. ಬಿದಿರಿನ ದೊಡ್ಡ ಬುಟ್ಟಿ ಹೆಣೆದು, ಅದರ ತಳಕ್ಕೆ ಗೊಬ್ಬರದ ಚೀಲ ಹೊಲಿದು, ಮೇಲೆ ಬಿಸಿ ಡಾಂಬರು ಬಳಿದು ನೀರಿಗೆ ಬಿಡುತ್ತಾರಲ್ಲ, ಆ ಗುಂಡನೆಯ ದೋಣಿ. ತುಂಗಭದ್ರೆಯ ದಂಡೆಯಲ್ಲಿ ಒಂದು ಚಳಿಗಾಲವಿಡೀ ಆ ವಾಸನೆಯಲ್ಲಿ ಕೂತು ಬರೆದಿದ್ದೇನೆ. ಆಮೇಲೆ ಮೂರು ವರ್ಷ ಆ ದಂಡೆಗೆ ಕಾಲಿಟ್ಟಿರಲಿಲ್ಲ. ನನ್ನ ಸಾಲೆ ಇರುವುದು ಹೊಳೆಯಿಂದ ಎರಡು ಹೊಲದಾಚೆ.

ನಾನು ಗಣಿತದ ಮಾಸ್ತರ. ಹುಟ್ಟಿದ್ದು ಯಲಬುರ್ಗಾ ಕಡೆಯ ಮಂಗಳೂರಿನಲ್ಲಿ. ಕಡಲಿರುವ ಮಂಗಳೂರು ಅಂದುಕೊಂಡು ಹೊಸಬರು ಮೀನಿನ ಸಾರಿನ ಮಾತು ತೆಗೆಯುತ್ತಾರೆ. ನಮ್ಮ ಮಂಗಳೂರಿನಲ್ಲಿ ನೀರೆಂದರೆ ಕೊಡದಲ್ಲಿದ್ದಷ್ಟೇ. ನೀರು ಕಂಡರೆ ನನಗೆ ಮೊದಲಿನಿಂದಲೂ ಒಂದು ಬಗೆಯ ಹಸಿವು. ಇನ್ನೊಂದು ಚಟವೂ ಉಂಟು. ಸಾಲೆಯ ವೇಳಾಪಟ್ಟಿ ಹಾಕುವವನು ನಾನೇ, ಅದರಲ್ಲಿ ಖಾಲಿ ಮನೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಶಿಕ್ಷಕರಿಲ್ಲದ ಅವಧಿಗೆ ‘ಗ್ರಂಥಾಲಯ’ ಅಂತ ಬರೆಯುತ್ತೇನೆ. ನಮ್ಮ ಗ್ರಂಥಾಲಯವೆಂದರೆ ಕೀಲಿ ಕಳೆದ ಒಂದು ಕಪಾಟು. ಆದರೂ ಪಟ್ಟಿ ತುಂಬಿರಬೇಕು. ಪಟ್ಟಿ ನೋಡಿದವರು, ಮಾಸ್ತರ ಭಾಳ ಅಚ್ಚುಕಟ್ಟು ಅನ್ನುತ್ತಿದ್ದರು. ನಾನೂ ಹಾಗೇ ನಂಬಿದ್ದೆ.

ನಮ್ಮಲ್ಲಿ ಆಟ ಕಲಿಸಲು ಬಸವರಾಜ ಅಂತ ಅತಿಥಿ ಶಿಕ್ಷಕನಿದ್ದ. ಕುಷ್ಟಗಿ ಕಡೆಯವ, ಮೂವತ್ತೆರಡರ ಪ್ರಾಯ, ಬಾವಿಗೆ ಜಿಗಿದು ಈಜು ಕಲಿತ ಮೈ. ಅತಿಥಿ ಅನ್ನುವುದು ಹೆಸರಿಗೆ. ಎಂಟು ವರ್ಷದಿಂದ ಪ್ರತಿ ಜೂನಿನಲ್ಲೂ ಈ ಸಲ ಕರೆಯುತ್ತಾರೋ ಇಲ್ಲವೋ ಅಂತ ಗೇಟಿನ ಹೊರಗೆ ನಿಲ್ಲುತ್ತಿದ್ದ. ಹೆಂಡತಿ ರೇಣುಕಾ ಸಾಲೆಯ ಪಕ್ಕದ ಓಣಿಯಲ್ಲೇ ಬಾಡಿಗೆ ಮನೆಯಲ್ಲಿ ಹೊಲಿಗೆ ಮಾಡುತ್ತಿದ್ದಳು. ಆ ಹೊಲಿಗೆಯ ಮೇಲೆ ಎಷ್ಟು ದಿನ ಬದುಕೋದು ಸರ್ ಅಂತ ಅವನು ಒಂದು ದಿನ ಕೇಳಿದ. ಕೇಳಿದ ಮರುವಾರವೇ ಯೋಚನೆಯನ್ನೂ ತಂದ.

ಹೊಳೆಯ ನಡುವಿನ ವಿರೂಪಾಪುರಗಡ್ಡೆಯಲ್ಲಿ ಹಿಂದೆ ಪ್ರವಾಸಿಗರ ವಸತಿಗೃಹ ನಡೆಸುತ್ತಿದ್ದವರೊಬ್ಬರು ಜಾಗ ಬಿಟ್ಟು ಹೋಗುವಾಗ ಎರಡು ಹಳೆಯ ಕಯಾಕ್ ಉಳಿಸಿದ್ದರು. ಉದ್ದನೆಯ ಪ್ಲಾಸ್ಟಿಕ್ ದೋಣಿ, ಒಬ್ಬರೇ ಕೂತು ಎರಡೂ ಕಡೆ ಹುಟ್ಟು ಹಾಕುವಂಥದ್ದು. ಬಸವರಾಜ ಅವನ್ನು ಹಿಡಿದು ಕನಸು ಕಟ್ಟಿದ. ಹಂಪಿ ನೋಡಲು ಬರುವವರಿಗೆ ಬೆಳಿಗ್ಗೆ ಗಡ್ಡೆಯ ಮೇಲ್ಗಡೆಯಿಂದ ಹೊರಟು ಮಧ್ಯಾಹ್ನ ಆನೆಗುಂದಿಯ ಕೆಳಗೆ ಇಳಿಯುವ ಒಂದು ದಿನದ ಪ್ರವಾಸ. ಬಂಡೆ, ಬತ್ತದ ಗದ್ದೆ, ನೀರುನಾಯಿ, ಹಕ್ಕಿ. ಅನುಮತಿ ಕೇಳಿಕೊಂಡು ಕಚೇರಿಗೆ ಹೋದರೆ, ದಾರಿ ಯಾವುದು, ಎಲ್ಲೆಲ್ಲಿ ಎಷ್ಟು ಹೊತ್ತು, ಎಲ್ಲಿ ನಿಲ್ಲಿಸುತ್ತೀರಿ, ಬರೆದು ತನ್ನಿ ಅಂದರಂತೆ. ಬರೆಯುವ ಮಾತು ಬಂದರೆ ನಾನಿದ್ದೇನಲ್ಲ. ಬೇಡವೆಂದರೂ ಹೋಗುತ್ತಿದ್ದೆ.

ಹೊಳೆ ಗೊತ್ತಿದ್ದವರೊಬ್ಬರು ಬೇಕಿತ್ತು. ಹಾಗೆ ಸಿಕ್ಕವನು ಹುಳಿಗೆಪ್ಪ. ಐವತ್ತೈದು ದಾಟಿದ ಅಂಬಿಗ. ಸೇತುವೆ ಆಗುವ ಮುಂಚೆ ಈಚೆ ದಂಡೆಯ ಮಂದಿ, ಕುರಿ, ಸೈಕಲ್ಲು, ಮದುವಣಗಿತ್ತಿ, ಎಲ್ಲವನ್ನೂ ಆಚೆಗೆ ದಾಟಿಸಿದವನು. ಸೇತುವೆ ಆದ ಮೇಲೆ ಪ್ರವಾಸಿಗರನ್ನು ಕೂರಿಸಿ ಗಿರಗಿರ ತಿರುಗಿಸಿ ನಗಿಸುತ್ತಿದ್ದ. ಕಯಾಕ್ ನೋಡಿ, ಇದೇನ್ರಿ, ಬಾಳಿಕಾಯಿ ಇದ್ದಂಗ ಐತಿ ಅಂದ. ಅವತ್ತಿನಿಂದ ಅದಕ್ಕೆ ಬಾಳಿಕಾಯಿ ಅಂತಲೇ ಹೆಸರು. ಅಂಬಿಗನಿಗೆ ಓದು ಬರುತ್ತಿರಲಿಲ್ಲ, ಆದರೆ ನೀರಿನ ಮೇಲಿನ ಸುಕ್ಕು ನೋಡಿ ಕೆಳಗೆ ಬಂಡೆ ಎಷ್ಟು ಆಳದಲ್ಲಿದೆ ಅಂತ ಹೇಳುತ್ತಿದ್ದ. ನಾನು ಸಂಜೆ ಕೋಲು ಇಳಿಸಿ ನೋಡಿದರೆ ಗೇಣು ಹೆಚ್ಚು ಕಡಿಮೆ ಆಗುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಶುರು ಮಾಡಿದೆವು. ಪ್ರತಿ ಭಾನುವಾರ ಹರಗೋಲಿನಲ್ಲಿ ಹುಳಿಗೆಪ್ಪ ಮುಂದೆ, ಅವನ ಎದುರು ನಾನು ವಹಿ ಹಿಡಿದು, ಹಿಂದೆ ಬಾಳಿಕಾಯಿಯಲ್ಲಿ ಬಸವರಾಜ. ಬಿಸಿಲು ಇನ್ನೂ ಎಳೆಯದು, ನೀರಿನ ಮೇಲೆ ಹೊಗೆಯಾಡಿದ ಹಾಗೆ ಮಂಜು. ಗದ್ದೆಯಲ್ಲಿ ಬತ್ತ ಕೊಯ್ಯುತ್ತಿದ್ದ ತೆಲುಗು ಹೆಂಗಸರು ನಮ್ಮನ್ನು ಕರೆದು ತಮಾಷೆ ಮಾಡುತ್ತಿದ್ದರು. ಅಷ್ಟು ಸುಖವಾಗಿದ್ದ ದಿನಗಳು ನನಗೆ ಬೇರೆ ಇಲ್ಲ. ಇದನ್ನು ಬರೆಯುವುದಕ್ಕೂ ನಾಚಿಕೆಯಾಗುತ್ತದೆ, ಆದರೆ ನಿಜ.

ನನ್ನ ವಹಿಯಲ್ಲಿ ಐದು ಸಾಲು: ಜಾಗದ ಹೆಸರು, ಹೊರಟಲ್ಲಿಂದ ಎಷ್ಟು ನಿಮಿಷ, ಆಳ, ಯಾವ ದಂಡೆ ಹಿಡಿಯಬೇಕು, ಅಲ್ಲಿ ಏನು ಮಾಡಬೇಕು. ಹುಳಿಗೆಪ್ಪ ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ. ಜೋಡಿಗುಂಡು, ಎಡಕ್ಕೆ ಹಿಡಿ. ಆನೆಬೆನ್ನು, ಇಳಿದು ದೋಣಿ ಹೊತ್ತು ದಾಟು. ಸಂಜೆ ದಂಡೆಯಲ್ಲಿ ಕೂತು ಅವನು ಡಾಂಬರಿನ ತೇಪೆ ಹಾಕುತ್ತಿದ್ದ, ನಾನು ಬರೆದದ್ದನ್ನು ಓದಿ ಹೇಳುತ್ತಿದ್ದೆ. ತಪ್ಪಿದ್ದರೆ ಅಲ್ಲೇ ತಿದ್ದಿಸುತ್ತಿದ್ದ.

ಒಂದು ಜಾಗದಲ್ಲಿ ಮಾತ್ರ ಅವನು ಏನೂ ಹೇಳುತ್ತಿರಲಿಲ್ಲ. ಹೊಳೆ ದೊಡ್ಡದಾಗಿ ತಿರುಗುವಲ್ಲಿ, ಬಲಗಡೆ ಹಾಸಿದಂಥ ಅಗಲವಾದ ಚಪ್ಪಟೆ ಬಂಡೆ, ಅದರ ಕೆಳಗೆ ತಟ್ಟೆಯಲ್ಲಿಟ್ಟ ಹಾಗೆ ನಿಂತ ನೀರು. ಅಲ್ಲಿಗೆ ಬರುವ ಮುಂಚೆ ಹರಗೋಲನ್ನು ಎಡದ ಸೆಳವಿಗೆ ಹಾಕುತ್ತಿದ್ದ. ಆಮೇಲೆ ಹುಟ್ಟು ಮೇಲೆತ್ತಿ, ಹಣೆಗೆ ಮುಟ್ಟಿಸಿಕೊಂಡು, ಬಾಯಿ ಮುಚ್ಚಿ ಕೂರುತ್ತಿದ್ದ. ಸೆಳವು ತಾನೇ ನಮ್ಮನ್ನು ದಾಟಿಸುತ್ತಿತ್ತು. ಹಿಂದಿದ್ದ ಬಸವರಾಜನೂ ಅವನನ್ನು ನೋಡಿ ಹುಟ್ಟು ಎತ್ತುತ್ತಿದ್ದ. ಇಲ್ಲಿಗೆ ಏನು ಬರೆಯಲಿ ಅಂತ ಎರಡು ಸಲ ಕೇಳಿದೆ. ಹುಳಿಗೆಪ್ಪ ಆಚೆ ದಂಡೆ ನೋಡಿದ. ತಿರುವು ದಾಟಿದ ಮೇಲೆ ತಂಬಾಕು ತಿಕ್ಕುತ್ತ ಬೇರೆ ಮಾತು ತೆಗೆದ. ಮುದುಕನಿಗೆ ದಣಿವು, ಇಲ್ಲಿ ಉಸಿರು ಬಿಡುತ್ತಾನೆ ಅಂದುಕೊಂಡೆ. ಮೂರನೆಯ ಸಲ ಕೇಳಲಿಲ್ಲ.

ಡಿಸೆಂಬರಿನಲ್ಲಿ ದೊಡ್ಡ ಹಾಳೆಯ ಮೇಲೆ ಚೊಕ್ಕ ಪ್ರತಿ ಮಾಡಿದೆ. ಮನೆಯಲ್ಲಿ, ಸ್ಕೇಲು ಇಟ್ಟು, ಎರಡು ಬಣ್ಣದ ಶಾಯಿಯಲ್ಲಿ. ಎಲ್ಲಾ ಮನೆ ತುಂಬಿತ್ತು, ಅದೊಂದು ಖಾಲಿ ಇತ್ತು. ಹುಳಿಗೆಪ್ಪ ಹುಟ್ಟು ನಿಲ್ಲಿಸುವ ಜಾಗ, ಬಂಡೆ ಚಪ್ಪಟೆಯಾಗಿದೆ, ನೀರು ಶಾಂತವಾಗಿದೆ. ‘ವಿರಾಮ, ಹದಿನೈದು ನಿಮಿಷ’ ಅಂತ ಬರೆದೆ. ಬರೆಯುವುದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಇದನ್ನು ಹುಳಿಗೆಪ್ಪನಿಗೆ ಓದಿ ಹೇಳಲಿಲ್ಲ. ವಹಿಯಲ್ಲಿದ್ದದ್ದನ್ನೆಲ್ಲ ಹೇಳಿದ್ದೆನಲ್ಲ, ಚೊಕ್ಕ ಪ್ರತಿಯಲ್ಲಿ ಹೊಸದೇನು ಅನ್ನಿಸಿತು.

ಬಸವರಾಜನಿಗೆ ಪಟ್ಟಿ ನೋಡಿ ಹಿಗ್ಗೋ ಹಿಗ್ಗು. ಮಂದಿಗೆ ಕಾಲು ಚಾಚಾಕ ಒಂದು ಜಾಗ ಬೇಕೇ ಇತ್ತು ಸರ್, ಛಲೋ ಮಾಡಿದ್ರಿ ಅಂದ. ಗಂಗಾವತಿಗೆ ಹೋಗಿ ಇಪ್ಪತ್ತು ಝೆರಾಕ್ಸ್ ತೆಗೆಸಿದ, ಚಹಾದಂಗಡಿಗಳಿಗೆ ಹಂಚಿದ, ಮೊಬೈಲಿನಲ್ಲಿ ಫೋಟೊ ತೆಗೆದು ಗೊತ್ತಿದ್ದ ಗ್ರೂಪುಗಳಿಗೆಲ್ಲ ಕಳಿಸಿದ. ಅನುಮತಿ ಇನ್ನೂ ಬಂದಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ನಾವು ಕುಲಾವಿಗೆ ಕಸೂತಿಯನ್ನೂ ಹಾಕಿದ್ದೆವು.

ಒಂದು ಕೆಲಸ ಉಳಿದಿತ್ತು. ಪಟ್ಟಿಯಲ್ಲಿ ಬರೆದ ಹೊತ್ತಿಗೆ ಸರಿಯಾಗಿ, ಹರಗೋಲಿನ ನೆರವಿಲ್ಲದೆ, ಎರಡು ಬಾಳಿಕಾಯಿಗಳಲ್ಲಿ ದಾರಿ ಪೂರ್ತಿ ಮುಗಿಸಿ ತೋರಿಸಬೇಕು, ಆ ವಿವರ ಅರ್ಜಿಗೆ ಲಗತ್ತಿಸಬೇಕು. ಆ ಹೊತ್ತಿಗೆ ನಾನೂ ಲೈಫ್ ಜಾಕೆಟ್ ಹಾಕಿಕೊಂಡು ತಕ್ಕಮಟ್ಟಿಗೆ ಹುಟ್ಟು ಹಾಕುತ್ತಿದ್ದೆ. ಸಾಲೆಗೆ ರಜೆ ಸಿಕ್ಕಿದ್ದು ಎಳ್ಳಮಾವಾಸ್ಯೆಯ ದಿನ. ಹುಳಿಗೆಪ್ಪನಿಗೆ ಹೇಳಿದಾಗ ತಲೆ ಅಲ್ಲಾಡಿಸಿದ. ಅಮಾಸಿ ದಿನ ಅಂಬಿಗರು ನೀರಿಗೆ ಹುಟ್ಟು ಹಾಕೂದಿಲ್ರಿ, ನೀವೂ ಬ್ಯಾಡ್ರಿ ಅಂದ. ಭಾನುವಾರದ ತನಕ ನಾಲ್ಕು ದಿನ ತಡೆದರೆ ಅರ್ಜಿಯ ಗಡುವು ಮುಗಿಯುತ್ತದೆ ಅಂತ ಬಸವರಾಜ ಕೈ ಮುಗಿದ. ಹುಳಿಗೆಪ್ಪ ಕೊನೆಗೆ ಇಷ್ಟು ಒಪ್ಪಿದ: ತಾನು ನೀರಿಗೆ ಇಳಿಯುವುದಿಲ್ಲ, ಇಳಿಯುವ ದಂಡೆಯಲ್ಲಿ ಬುತ್ತಿ ಹಿಡಿದು ಕಾಯುತ್ತೇನೆ.

“ದಾರಿ ನಿಮಗ ಗೊತ್ತೈತಲ್ರಿ?” ಅಂತ ಮಾತ್ರ ಕೇಳಿದ.

ಬಸವರಾಜ ಪ್ಲಾಸ್ಟಿಕ್ ಹೊದಿಸಿದ ಪಟ್ಟಿಯನ್ನು ಎತ್ತಿ ತೋರಿಸಿದ.

ಅವತ್ತು ಊರಿಗೆ ಊರೇ ಹೊಲದಲ್ಲಿತ್ತು. ಬೆಳೆಗೆ ಎಡೆ ಎರಚಿ ಚರಗ ಚೆಲ್ಲುವ ಕೂಗು ನೀರಿನ ತನಕ ಕೇಳುತ್ತಿತ್ತು. ರೇಣುಕಾ ಸಜ್ಜೆ ರೊಟ್ಟಿ, ಎಳ್ಳುಹೋಳಿಗೆ, ಪುಂಡಿಪಲ್ಯೆ ಕಟ್ಟಿ ಹೆಚ್ಚಿನದನ್ನು ಹುಳಿಗೆಪ್ಪನ ಕೈಗೆ ಕೊಟ್ಟು, ಎರಡು ರೊಟ್ಟಿ ನಮಗೆ ದಾರಿಗೆ ಕೊಟ್ಟಿದ್ದಳು. ಜೋಡಿಗುಂಡು ಸರಿಯಾದ ನಿಮಿಷಕ್ಕೆ ಬಂತು. ಆನೆಬೆನ್ನಿನಲ್ಲಿ ದೋಣಿ ಹೊತ್ತು ದಾಟಿದೆವು, ಎರಡು ನಿಮಿಷ ಮುಂಚೆ. ಚಪ್ಪಟೆ ಬಂಡೆಗೆ ಬಂದಾಗ ಪಟ್ಟಿಯಲ್ಲಿ ಬರೆದಂತೆ ಬಲಕ್ಕೆ ತಿರುಗಿಸಿ, ನಿಂತ ನೀರಿಗೆ ಹೋಗಿ, ಬಂಡೆ ಹತ್ತಿದೆವು. ಆ ನೀರಿಗೆ ನಾವು ಅದೇ ಮೊದಲ ಸಲ ಹೋಗಿದ್ದು.

ಮಧ್ಯಾಹ್ನದ ಬಂಡೆ ಕಾದಿತ್ತು. ಬಸವರಾಜ ಜಾಕೆಟ್ ಬಿಚ್ಚಿ ಒಣಹಾಕಿದ. ರೊಟ್ಟಿ ತಿಂದೆವು. ನಾನು ಗಡಿಯಾರ ನೋಡುತ್ತ ವಹಿಯಲ್ಲಿ ಬರೆಯುತ್ತಿದ್ದೆ.

“ಇನ್ನೂ ಟೈಮ್ ಐತೇನ್ರಿ ಸರ್?” ಅಂದ.

“ಆರು ನಿಮಿಷ ಐತಿ,” ಅಂದೆ.

ಹಂಗಾದ್ರ ಒಂದು ಮುಳುಗು ಹಾಕ್ತೀನಿ ಅಂತ ಇಳಿದ. ಸೊಂಟದ ತನಕ ನೀರು. ನಾನು ತಲೆ ತಗ್ಗಿಸಿ ಒಂದು ಸಾಲು ಬರೆದು ತಲೆಯೆತ್ತಿದೆ. ಅವನಿರಲಿಲ್ಲ. ಕೂಗು ಕೇಳಲಿಲ್ಲ, ನೀರು ಕಲಕಲೂ ಇಲ್ಲ. ಆಟ ಆಡುತ್ತಿದ್ದಾನೆ ಅಂತ ನಾನು ನಕ್ಕೆ. ನಕ್ಕದ್ದು ನೆನಪಿದೆ.

ಆಮೇಲೆ ಬಂಡೆಯಿಂದ ಬಂಡೆಗೆ ಬಿದ್ದು ಎದ್ದು ಹುಳಿಗೆಪ್ಪ ಕಾಯುತ್ತಿದ್ದ ದಂಡೆಗೆ ಓಡಿದೆ. ಕೈ ಮಾಡಿ ತೋರಿಸಿದೆ. ಅವನು ಬುತ್ತಿಯನ್ನು ಅಲ್ಲೇ ಇಟ್ಟು ನನಗಿಂತ ಮುಂದೆ ಓಡಿದ. ಅಮಾವಾಸ್ಯೆಯ ದಿನ ನೀರಿಗೆ ಹುಟ್ಟು ಸಹ ಮುಟ್ಟಿಸದವನು ಆ ಬಂಡೆಯ ಮೇಲಿಂದ ಅಂಗಿ ಸಮೇತ ಹಾರಿದ. ಸಂಜೆ ತನಕ ಮುಳುಗಿದ, ಎದ್ದ, ಮುಳುಗಿದ. ಬೇರೆ ಅಂಬಿಗರು ಬಂದು ಎಳೆದು ಕೂರಿಸಿದರು. ಮರುದಿನ ಬೆಳಿಗ್ಗೆ ಬಸವರಾಜನನ್ನು ತಂದವನೂ ಅವನೇ. ಆ ಚಪ್ಪಟೆ ಬಂಡೆಯ ಅಡಿ ಪೂರ್ತಿ ಪೊಳ್ಳು. ಮೇಲೆ ನೀರು ನಿಂತಂತೆ ಕಾಣುತ್ತದೆ, ಕೆಳಗೆ ಒಳಕ್ಕೆ ಎಳೆಯುತ್ತದೆ.

ದಂಡೆಯಲ್ಲಿ ಕೂತಾಗ ಅವನೇ ಹೇಳಿದ. ಅದು ನುಂಗುಮಡು. ಅವನ ಅಪ್ಪ ಅಲ್ಲೇ ಹೋದದ್ದು, ಅದಕ್ಕೂ ಮುಂಚೆ ಇನ್ನೆಷ್ಟೋ ಜನ. ನೀರಿನ ಮೇಲೆ ಅದರ ಹೆಸರು ಎತ್ತಬಾರದು, ಎತ್ತಿದರೆ ಕರೆದಂತೆ. ಹುಟ್ಟು ಎತ್ತಿ, ಸತ್ತವರಿಗೆ ಕೈಮುಗಿದು, ಸುಮ್ಮನೆ ದಾಟಬೇಕು. ಅಂಬಿಗರ ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲವಂತೆ, ನೋಡಿ ತಿಳಿಯುತ್ತಾರೆ.

“ಬಸವರಾಜನೂ ಹುಟ್ಟು ಎತ್ತತಿದ್ನಲ್ರಿ ಮಾಸ್ತರ,” ಅಂದ. “ನಿಮಗ ಇಬ್ಬರಿಗೂ ಗೊತ್ತೈತಿ ಅನ್ಕೊಂಡಿದ್ನಿ.”

ವಿಚಾರಣೆಗೆ ಬಂದವರು ನನ್ನನ್ನೂ ಕೇಳಿದರು. ಆ ಜಾಗ ಅಪಾಯದ್ದು ಅಂತ ಗೊತ್ತಿತ್ತೇ? ಇಲ್ಲ. ದಾರಿ ತೋರಿಸಿದವನು ಹೇಳಿರಲಿಲ್ಲವೇ? ಇಲ್ಲ. ಎರಡೂ ನಿಜ. ಪಟ್ಟಿಯ ಮಾತು ಅವರು ಕೇಳಲಿಲ್ಲ, ನಾನು ಎತ್ತಲಿಲ್ಲ. ಅವತ್ತೇ ಪಟ್ಟಿಯನ್ನು ಒಲೆಗೆ ಹಾಕಿದ್ದೆ. ಚಹಾದಂಗಡಿಗಳಿಗೆ ಹೋಗಿ ಝೆರಾಕ್ಸುಗಳನ್ನೂ ಕೇಳಿ ತಂದೆ. ಹದಿನೇಳು ಸಿಕ್ಕವು.

ರೇಣುಕಾಳ ಎದುರು ಹುಳಿಗೆಪ್ಪ ತಾನಾಗಿ ಹೋಗಿ ಕೂತ. ನಾ ಬಾಯಿ ಬಿಟ್ಟು ಹೇಳಲಿಲ್ಲ ತಂಗಿ, ತಪ್ಪು ನಂದು ಅಂದ. ಅವಳು ಎದ್ದು ನಿಂತು, ಓಣಿಯ ಮಂದಿಯೆಲ್ಲ ಕೇಳುವಂತೆ, ನಿನ್ನ ಹರಗೋಲು ದಂಡ್ಯಾಗ ಕೊಳೀಲಿ ಅಂತ ಶಾಪ ಹಾಕಿದಳು. ನಾನು ಪಕ್ಕದಲ್ಲೇ ಇದ್ದೆ. ಅವಳ ಹಿಂದೆ ಗೋಡೆಗೆ ಒರಗಿ ನಿಂತಿದ್ದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುವ ಗಾದೆಯನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ. ನಾನು ಹೊಳೆ ದಾಟುವ ಮುಂಚೆಯೇ ಅವನನ್ನು ಕೈಬಿಟ್ಟೆ.

ಶಾಪ ಫಲಿಸಿತು. ಹೊಳೆಯಲ್ಲಿ ಹರಗೋಲುಗಳಿಗೆಲ್ಲ ತಡೆ ಹಾಕಿದರು. ಆಮೇಲೆ ತಡೆ ಸಡಿಲವಾದರೂ ಅವನ ದೋಣಿಗೆ ಯಾರೂ ಹತ್ತಲಿಲ್ಲ. ಮಂದಿಯನ್ನು ಕೊಂದವನು ಅಂತ ಹೆಸರಾಯಿತು. ರೇಣುಕಾಳಿಗೆ ನಮ್ಮ ಸಾಲೆಯಲ್ಲೇ ಬಿಸಿಯೂಟದ ಅಡುಗೆ ಕೆಲಸ ಸಿಕ್ಕಿತು. ಅರ್ಜಿ ಬರೆದುಕೊಟ್ಟವನು ನಾನು. ಸರ್ ನಮ್ಮ ಪಾಲಿನ ದೇವರು ಅಂತ ಅವಳು ಎಲ್ಲರ ಮುಂದೆ ಹೇಳುತ್ತಾಳೆ.

ಇಷ್ಟೆಲ್ಲ ಆ ಡಾಂಬರಿನ ವಾಸನೆಯೊಳಗೆ ಬಂದು ಹೋಯಿತು. ಮೊನ್ನೆ ಭಾನುವಾರ ದಂಡೆಗೆ ಹೋದೆ. ಹುಳಿಗೆಪ್ಪನ ಕ್ಷಮೆ ಕೇಳಬೇಕು, ರೇಣುಕಾಳ ಮುಂದೆ ಅವನನ್ನು ಕರೆದೊಯ್ದು ನಿಜ ಹೇಳಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಹುಳಿಗೆಪ್ಪ ಹರಗೋಲನ್ನು ಬೋರಲು ಹಾಕಿಕೊಂಡು ಡಾಂಬರು ಬಳಿಯುತ್ತಿದ್ದ. ನೀರಿಗೆ ಬಿಡದ ದೋಣಿಗೆ ಯಾಕೆ ಅಂದೆ. ಕೊಳೀಬಾರ್ದಲ್ರಿ ಅಂದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಈಗ ದಂಡೆಗೆ ಬಂದವರಿಗೆಲ್ಲ ನುಂಗುಮಡುವಿನ ಹೆಸರು ಹೇಳುವುದೇ ಅವನ ಕೆಲಸವಂತೆ. ಹೆಸರೆತ್ತಿದ್ದಕ್ಕೆ ಅವನ ಮಂದಿಯೂ ಅವನನ್ನು ದೂರ ಇಟ್ಟಿದ್ದಾರೆ. ನಾನು ಜೋಡಿಸಿಕೊಂಡ ಮಾತಿನ ಮೊದಲ ಶಬ್ದ ಹುಡುಕುತ್ತಿರುವಾಗ ಒಂದು ಕಾರು ಬಂತು. ಗಂಡ ಹೆಂಡತಿ ಇರಬೇಕು, ಬೇರೆ ಕಡೆಯವರು, ಗಾಳಿ ತುಂಬುವ ದೋಣಿಯೊಂದನ್ನು ಇಳಿಸಿದರು. ಆಕೆ ಮೊಬೈಲು ಹಿಡಿದು ನನ್ನ ಹತ್ತಿರ ಬಂದಳು.

“ಸರ್, ಈ ಚಪ್ಪಟೆ ಬಂಡೆ ಇಲ್ಲಿಂದ ಎಷ್ಟು ದೂರ? ಅಲ್ಲಿ ಹದಿನೈದು ನಿಮಿಷ ವಿರಾಮ ಅಂತ ಬರೆದಿದ್ದಾರೆ.”

ನನ್ನ ಅಕ್ಷರ. ಎರಡು ಬಣ್ಣದ ಶಾಯಿ. ಯಾವುದೋ ಗ್ರೂಪಿನಲ್ಲಿ ಬಂತು, ತುಂಬ ಅಚ್ಚುಕಟ್ಟಾಗಿದೆ ಅಂತ ಇಟ್ಟುಕೊಂಡೆವು ಅಂದಳು.

ಹುಳಿಗೆಪ್ಪನ ಕೈ ನಿಂತಿತು. ನಾನು ಏನೋ ತೊದಲಿದೆ. ಅವನೇ ಎದ್ದು ಬಂದು, ಆ ಹೆಸರು ಹೇಳಿ, ಅಪ್ಪನನ್ನೂ ಬಸವರಾಜನನ್ನೂ ಹೇಳಿ, ಅವರನ್ನು ವಾಪಸು ಕಳಿಸಿದ. ಅವರು ಫೋಟೊ ಅಳಿಸಿದರು. ಕಳಿಸಿದವರ ಹತ್ತಿರ ಇರುತ್ತದಲ್ಲ ಸರ್ ಅಂತಲೂ ಹೇಳಿ ಹೋದರು.

ಕಾರಿನ ಧೂಳು ಇಳಿದ ಮೇಲೆ ಹುಳಿಗೆಪ್ಪ ನನ್ನ ಕಡೆ ತಿರುಗಿದ.

“ನನಗ ಓದಿ ಹೇಳಿದಾಗ ಅದು ಇರಲಿಲ್ಲ,” ಅಂದ.

“ಇರಲಿಲ್ಲ.”

“ಆಮ್ಯಾಲೆ ಬರದ್ರಿ.”

“ಹೌದು.”

ಬೈಯುತ್ತಾನೆ, ಹೊಡೆಯುತ್ತಾನೆ, ಡಾಂಬರಿನ ಡಬ್ಬಿ ಎತ್ತಿ ಹಾಕುತ್ತಾನೆ, ಯಾವುದಕ್ಕಾದರೂ ನಾನು ಸಿದ್ಧನಿದ್ದೆ. ನಾಳೆಯೇ ರೇಣುಕಾಳಿಗೆ ಹೇಳುತ್ತೇನೆ ಅಂದೆ. ಅವನು ಕುಂಚವನ್ನು ಡಬ್ಬಿಗೆ ಅದ್ದಿ ಮತ್ತೆ ಬಳಿಯತೊಡಗಿದ.

“ಬ್ಯಾಡ್ರಿ,” ಅಂದ. “ನನ್ನ ಬೈಕೊಂತ ಆಕಿ ಮೂರು ವರ್ಷ ಬದುಕ್ಯಾಳ. ನಾ ದೂರ ಅದೀನಿ, ಬೈಸ್ಕೊಂತೀನಿ. ನಿಮ್ಮ ತಾಟಿಗೆ ಆಕಿ ದಿನಾ ಅನ್ನ ಹಾಕಬೇಕು.”

ಬೇಡ ಅಂದದ್ದು ಕೇಳಿ ನನ್ನೊಳಗೆ ಏನೋ ಹಗುರಾಯಿತು. ಆ ಹಗುರಕ್ಕೆ ನನ್ನ ಮೇಲೆ ನನಗೇ ಹೇಸಿಗೆ ಬಂತು. ಹಿಂದಿರುಗಿ ಬರುವಾಗ ಅಂಗಿಯ ತೋಳಿಗೆ ಡಾಂಬರು ಹತ್ತಿತ್ತು.

ಮಕ್ಕಳಿಗೆ ಬಡಿಸುವ ಮುಂಚೆ ಒಬ್ಬ ಶಿಕ್ಷಕ ಉಂಡು ನೋಡಬೇಕು ಅನ್ನುವುದು ನಮ್ಮಲ್ಲಿ ನಿಯಮ. ಯಾವ ದಿನ ಯಾರು ಅನ್ನುವ ಪಟ್ಟಿಯೂ ನನ್ನದೇ. ಸೋಮವಾರ ನನ್ನ ಸರದಿ. ಭಾನುವಾರದ ಅದೇ ಅಂಗಿಯಲ್ಲಿ ಅಡುಗೆಮನೆಯ ಬಾಗಿಲಲ್ಲಿ ಕೂತೆ. ರೇಣುಕಾ ತೋಳಿನ ಕಲೆ ನೋಡಿ, ಇದು ಸೀಮೆಎಣ್ಣೆ ಹಚ್ಚಿದರ ಹೋಗತೈತ್ರಿ ಸರ್, ಸಂಜಿಗೆ ಕೊಟ್ಟು ಕಳಸ್ರಿ, ಒಗದು ಕೊಡ್ತೀನಿ ಅಂದಳು. ಬಿಸಿ ಅನ್ನ ಹಾಕಿ, ಮೇಲೆ ಸಾರು ಬಿಟ್ಟು, ಉಪ್ಪು ಸರಿ ಐತೇನ್ರಿ ಅಂತ ಕೇಳಿ, ನಾನು ಹೇಳುವುದನ್ನು ಕಾಯುತ್ತ ನಿಂತಳು.

ಸರಿ ಐತಿ ಅಂದೆ. ಉಂಡೆ.